ಬೀಜ ಮೊಳೀತಾವು, ನಾಕು ದಿನಕ್ಕ ಮಕ್ಕೋತಾವು – ಮಳಿಗಾಲದಾಗ ನೀವು ಹೆಂಗ ಮಾಡ್ತೀರಿ?

ಕಾರವಾರ, ಕೋಡಿಬಾಗ (ಕೇಳಿದವರು)

ಎಲ್ಲಾರಿಗೂ ನಮಸ್ಕಾರ್ರಿ. ನಾವು ಹುಬ್ಬಳ್ಳಿ ಮಂದಿ, ಮನೆಯವ್ರಿಗೆ ಟ್ರಾನ್ಸ್‌ಫರ್ ಆಗಿ ಮಾರ್ಚ್‌ನ್ಯಾಗ ಇಲ್ಲಿಗೆ ಬಂದೇವಿ. ಎರಡನೇ ಫ್ಲೋರ್, ಬಾಲ್ಕನಿ ಸಮುದ್ರದ ಕಡೆಗೆ ಐತಿ. ಹುಬ್ಬಳ್ಳ್ಯಾಗ ಟೊಮ್ಯಾಟೊ, ಮೆಣಸಿನಕಾಯಿ, ಕೊತ್ತಂಬ್ರಿ ಎಲ್ಲಾ ನಾನ ಬೀಜ ಹಾಕಿ ಬೆಳಸ್ತಿದ್ದೆ, ಒಂದ್ ಸಲಾನೂ ಕೈ ಕೊಟ್ಟಿಲ್ಲ. ಇಲ್ಲಿ ಜೂನ್ ಮೊದಲ್ನೇ ವಾರ ಹಾಕಿದೆ. ಟೊಮ್ಯಾಟೊ ಆರ ದಿನಕ್ಕ ಬಂತು, ಖುಷಿಯಾಗಿ ಫೋಟೋ ತಗದು ಅವ್ವಗೂ ಕಳಿಸಿದೆ, ನಾಕು ದಿನಾ ಆದಮ್ಯಾಲೆ ನೋಡಿದ್ರ ಬುಡದಾಗ ದಾರ ಬಿಗಿದು ಕಟ್ಟಿಧಂಗ ಸಣ್ಣಾಗಿ ಒಂದೊಂದ ಮಕ್ಕೊಂಡ್ವು. ಮೆಣಸಿನಕಾಯಿ ತಲೀನ ಎತ್ತಲಿಲ್ಲ. ಕೊತ್ತಂಬ್ರಿ ಕೊಳತು ವಾಸ್ನಿ ಬಂತು. ಹರಿವೆ ಅಂತೂ ಹಾಕಿದ್ದ ಗುರ್ತಿಲ್ಲ. ಮುಂಜಾನೆ ಒಮ್ಮೆ, ಸಂಜಿ ಒಮ್ಮೆ ತಪ್ಪದ ನೀರು ಹಾಕೀನಿ. ಮಣ್ಣು ಕೆಳಗ ಕಂಪೌಂಡಿನ್ದು, ಕೆಂಪು ಮಣ್ಣು, ಅದಕ್ಕ ಅಂಗಡಿ ಗೊಬ್ಬರ ಕೂಡಿಸೀನಿ. ಮೂರನೇ ಸಲ ಬೀಜಕ್ಕ ರೊಕ್ಕ ಹಾಕೂದಕ್ಕಿಂತ ಮೊದ್ಲ ಇಲ್ಲಿಯವ್ರನ್ನ ಕೇಳೂಣು ಅಂತ ಬಂದೆ.

ಶಿರಸಿ

ಬುಡ ದಾರ ಕಟ್ಟಿದ ಹಾಗೆ ಆಗಿ ಬಿತ್ತು ಅಂದ್ರಲ್ಲ, ಅಲ್ಲೇ ಉತ್ತರ ಇದೆ ಮಾರಾಯ್ರೆ, ಅದು ಸಸಿ ಕೊಳೆ. ಮಣ್ಣಲ್ಲಿ ನೀರು ನಿಂತ್ರೆ ಪಿಥಿಯಂ ಅಂತೊಂದು ಜೀವಿ ಎದ್ದು ಎಳೇ ಕಾಂಡಾನ ಮಣ್ಣಿನ ಮಟ್ಟದಲ್ಲೇ ತಿಂದು ಹಾಕ್ತದೆ. ನಮ್ಮ ಅಡಿಕೆಗೆ ಮಳೆಗಾಲದಲ್ಲಿ ಕೊಳೆ ಬರ್ತದಲ್ಲ, ಬೋರ್ಡೋ ಹೊಡೀತಾರಲ್ಲ, ಅದ್ರ ದಾಯಾದಿನೇ ಇದು. ಬಿದ್ದ ಸಸಿ ಎತ್ತಿ ನಿಲ್ಸಿ ಪ್ರಯೋಜನ ಇಲ್ಲ, ಕಿತ್ತು ಆ ಮಣ್ಣಿನ ಸಮೇತ ಎಸೀರಿ.

ನಿಮ್ಮ ತಪ್ಪು ಅಂತ ಹೇಳೋದಕ್ಕಿಂತ ಊರಿನ ತಪ್ಪು ಅನ್ನಬೇಕು. ಹುಬ್ಬಳ್ಳಿಲಿ ವರ್ಷಕ್ಕೆ ಸುಮಾರು 700-800 ಮಿಲಿಮೀಟರ್ ಮಳೆ, ಕಾರವಾರದಲ್ಲಿ 3000 ದಾಟ್ತದೆ, ಅದೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯೋದು. ಗಾಳಿಯೇ ಒದ್ದೆ ಇರೋವಾಗ ಹಾಕಿದ ನೀರು ಆರೋದೆಲ್ಲಿಗೆ? ಅಲ್ಲಿ ದಿನಕ್ಕೆ ಎರಡು ಸಲ ಸರಿ, ಇಲ್ಲಿ ಜುಲೈಲಿ ನಾನು ಮೂರು ದಿನಕ್ಕೊಂದ್ಸಲ ಚಿಮುಕಿಸಿದ್ರೆ ಹೆಚ್ಚು. ಬೆರಳು ಒಂದು ಗೆಣ್ಣು ಆಳ ಇಳಿಸಿ ನೋಡಿ, ಮಣ್ಣು ಅಂಟ್ತು ಅಂದ್ರೆ ಚೊಂಬು ಕೆಳಗಿಡಿ. ನಮ್ಮ ಆಯಿ ನಾನು ದಿನಾ ಬೆಳಿಗ್ಗೆ ಹೋಗಿ ಬೀಜ ಬಂತಾ ಅಂತ ನೋಡೋದು ಕಂಡು "ಅದು ಬತ್ತು, ಕೆದಕಡ" ಅಂತಿತ್ತು, ನಾನು ಕೆದಕಿ ಕೆದಕಿನೇ ಅರ್ಧ ಬೀಜ ಹಾಳು ಮಾಡಿದವ.

ಮಣ್ಣಿನ ವಿಷಯ. ಆ ಕೆಂಪು ಮಣ್ಣು ಚಿರೆಕಲ್ಲಿನ ಮಣ್ಣು, ಒಂದೇ ಹಾಕಿದ್ರೆ ಒದ್ದೆಲಿ ರಾಡಿ, ಒಣಗಿದ್ರೆ ಇಟ್ಟಂಗಿ. ನಾನು ಮಾಡೋದು ಒಂದು ಪಾಲು ಮಣ್ಣು, ಒಂದು ಪಾಲು ಚೆನ್ನಾಗಿ ಹಳೇದಾದ ಸಗಣಿ ಗೊಬ್ಬರ, ಒಂದು ಪಾಲು ಕೋಕೋಪೀಟ್, ಅದೂ ಎರಡು ಮೂರು ನೀರಲ್ಲಿ ತೊಳೆದು ಹಿಂಡಿ, ಯಾಕೆಂದ್ರೆ ತೆಂಗಿನ ನಾರಿನ ಹುಡಿಲಿ ಉಪ್ಪಿರ್ತದೆ. ಬೇಸಿಗೆ ಆದ್ರೆ ಮಣ್ಣನ್ನ ಬಿಸಿಲಿಗೆ ಹರಡಿದ್ರೆ ಸಾಕು, ಈಗ ಬಿಸಿಲೆಲ್ಲಿಂದ ತರ್ತೀರಿ, ಕುದಿಯೋ ನೀರು ಹೊಯ್ದು ಬಸಿದು ಆರಿಸಿ. ಟ್ರೈಕೋಡರ್ಮಾ ಪುಡಿ (ಕೊಳೆ ತರೋ ಜೀವಿನ ತಡೆಯೋ ಒಳ್ಳೇ ಶಿಲೀಂಧ್ರ) ಸಿಕ್ರೆ ಹತ್ತು ಕೆಜಿ ಗೊಬ್ಬರಕ್ಕೆ 100 ಗ್ರಾಂ ಕಲಸಿ ನೆರಳಲ್ಲಿ ಗೋಣಿ ಮುಚ್ಚಿ ಎರಡು ವಾರ ಇಡಿ, ಆಮೇಲೆ ಬಳಸಿ. ಕುದಿನೀರು ಮೊದ್ಲು, ಟ್ರೈಕೋಡರ್ಮಾ ಆಮೇಲೆ, ಉಲ್ಟಾ ಮಾಡಿದ್ರೆ ಅದೂ ಬೆಂದು ಹೋಗ್ತದೆ. (ಉಲ್ಟಾ ಮಾಡಿದ ಮಹಾನುಭಾವ ನಮ್ಮನೇಲೇ ಇದಾನೆ, ಹೆಸರು ಬೇಡ.)

ಕುಂಡ ಕೊಳ್ಳೋದು ಬೇಡ. ತೆಂಗಿನ ಕರಟದಲ್ಲಿ ಕಣ್ಣಿರೋ ಅರ್ಧ ತಗೊಂಡು ಮೆತ್ತಗಿರೋ ಕಣ್ಣು ತೂತು ಮಾಡಿ, ನೀರು ಬಸಿಯೋಕೆ ಅದಕ್ಕಿಂತ ಒಳ್ಳೇದು ಬೇರೆ ಇಲ್ಲ. ಮೊಟ್ಟೆ ಟ್ರೇ ಚಂದ ಕಾಣ್ತದೆ ಅಷ್ಟೆ, ಮಳೆಗಾಲದಲ್ಲಿ ವಾರದೊಳಗೆ ಬೂಸಲು.

ಅಂಕೋಲಾ

ತಂಗಿ, ಹರಿವೆ ಬೀಜ ಕೊಳತೇ ಹೋಗಿದ್ದು ಅಂತ ಹೇಳೂಕಾಗೂದಿಲ್ಲ, ಇರುವೆ ಹೊತ್ಕಂಡು ಹೋದದ್ದೂ ಆಗಿರಬಹುದು. ಸಾಲಾಗಿ ಒಂದೊಂದೇ ಹೊತ್ಕಂಡು ಹೋತವೆ, ನೀ ಕಾಯ್ತಾ ಕೂತಿರ್ತೆ. ನಮ್ಮಲ್ಲಿ ಹರಿವೆ ಬೀಜಕ್ಕೆ ಒಣ ಮರಳು ಕಲಸಿ ಬಿತ್ತೂದು, ಇಲ್ದಿದ್ರೆ ಒಂದೇ ಕಡೆ ಗುಪ್ಪೆ ಬೀಳ್ತದೆ, ಬಿತ್ತಿದ ಮೇಲೆ ಸುತ್ತ ಒಂದು ಮುಷ್ಟಿ ಅಕ್ಕಿ ರವೆ ಉದುರಿಸೂದು. ಇರುವೆ ರವೆ ಹೊರ್ತಾ ಇರ್ತದೆ, ಅಷ್ಟ್ರಲ್ಲಿ ಮೂರು ನಾಕು ದಿನಕ್ಕೆ ಹರಿವೆ ಮೊಳೆ ಬತ್ತದೆ. ಮರಳು ಅಂದೆ ಅಂತ ಬೀಚಿಗೆ ಹೋಗಿ ತುಂಬ್ಕಂಡು ಬರ್ಬೇಡ ಮತ್ತೆ, ಅದ್ರಲ್ಲಿ ಉಪ್ಪು, ಹೊಳೆ ಮರಳು ಬೇಕು. ಉಪ್ಪುನೀರಿನಲ್ಲಿ ಬೆಳೆಯೂದು ಅಂದ್ರೆ ಕುಮಟೆ ಕಡೆ ಗಜನಿಯ ಕಗ್ಗ ಭತ್ತ, ನಿನ್ನ ಕೊತ್ತಂಬರಿ ಅಲ್ಲ.

ಕೊತ್ತಂಬರಿನೂ ಇಡೀ ಕಾಳು ಹಾಕಿದ್ದೆ ಕಾಣ್ತದೆ. ಒಂದು ಕಾಳಲ್ಲಿ ಎರಡು ಬೀಜ ಇರ್ತವೆ, ಬಟ್ಟೆಲಿ ಹಾಕಿ ಚಪಾತಿ ಲಟ್ಟಣಿಗೆ ಮೆಲ್ಲ ಹೊರಳಿಸು, ಎರಡು ಹೋಳಾತದೆ, ಪುಡಿ ಮಾಡ್ಬೇಡ. ರಾತ್ರಿ ನೆನಸಿ ಬೆಳಿಗ್ಗೆ ಹಾಕು. ಆದ್ರೆ ನನ್ನ ಕೇಳಿದ್ರೆ ಮಳೆಗಾಲ ಮುಗಿಯೂತನಕ ಕೊತ್ತಂಬರಿ ಆಸೆ ಬಿಟ್ಬಿಡು, ಸಂತೆಲಿ ತಗೊ.

ಇನ್ನೊಂದು, ಬೀಜ ಪ್ಯಾಕೆಟ್‌ದೇ ಆಗ್ಬೇಕಂತ ಇಲ್ಲ. ನಮ್ಮ ಹೊನ್ನಳ್ಳಿ ತುಳಸಿ ಗೌಡ್ರ ಹೆಸರು ಕೇಳಿದ್ದೆ ಅಲಾ, 2020ರಲ್ಲಿ ಪದ್ಮಶ್ರೀ ಅಂತ ಘೋಷಣೆ ಆಯ್ತು, 2024ರ ಡಿಸೆಂಬರದಲ್ಲಿ ತೀರ್ಕೊಂಡ್ರು. ಶಾಲೆ ಮೆಟ್ಟಿಲು ಹತ್ತದವರು, ಅರಣ್ಯ ಇಲಾಖೆ ನರ್ಸರಿಲಿ ವರ್ಷಗಟ್ಲೆ ಗಿಡ ಮಾಡಿದ್ರು, ಕಾಡಲ್ಲಿ ತಾಯಿಮರ ಯಾವುದು ಅಂತ ಗುರ್ತು ಹಿಡಿದು ಅದರ ಬೀಜವೇ ತರೂದ್ರಲ್ಲಿ ಅವರು ಹೆಸರಾದವ್ರು. ನಾವು ಮನೇಲಿ ಮಾಡೂದು ಉಲ್ಟಾ. ಚಂದದ ಬೆಂಡೆಕಾಯಿ ಎಲ್ಲ ಹುಳಿಗೆ, ಕಡೆಗೆ ಗಿಡದಲ್ಲಿ ಉಳ್ದ ಮುರುಟು ಕಾಯಿ ಬೀಜಕ್ಕೆ. ನಮ್ಮತ್ತೆ ಮೊದಮೊದಲ ಕೊಯ್ಲಲ್ಲೇ ಒಳ್ಳೆ ಗಿಡದ ಎರಡು ಕಾಯಿಗೆ ಬಾಳೆನಾರು ಕಟ್ಟಿ ಬಿಡ್ತಿದ್ರು. ನಾರು ಕಂಡ್ರೆ ಮನೇಲಿ ಯಾರೂ ಕೈ ಹಾಕೂಹಂಗಿಲ್ಲ.

ಕಾರವಾರ, ಸದಾಶಿವಗಡ

ನಿಮ್ಮದೇ ತರ ಬಾಲ್ಕನಿ ನಮ್ದೂ. ಗಾಳಿ ವಿಷಯ ಯಾರೂ ಹೇಳಿಲ್ಲ ಅದಕ್ಕೆ ಬರೀತಾ ಇದೀನಿ. ಮಳೆಗಾಲದ ಪಡುವಣ ಗಾಳಿಲಿ ಉಪ್ಪಿನ ಹನಿ ಇರುತ್ತೆ, ಗ್ರಿಲ್ ತುಕ್ಕು ಹಿಡಿಯೋದು ನೋಡಿಲ್ವಾ, ಎಲೆ ತುದಿನೂ ಹಾಗೇ ಸುಟ್ಟಂಗೆ ಕಂದು ಆಗುತ್ತೆ. ಟ್ರೇನ ಗ್ರಿಲ್ ಪಕ್ಕ ಇಡ್ಬೇಡಿ, ಪೂರ್ವದ ಕಿಟಕಿ ಇದ್ರೆ ಅಲ್ಲಿ. ಆದ್ರೆ ಒಳಗೆ ತಂದು ಅಡುಗೆಮನೆ ಮೂಲೇಲಿ ಇಟ್ರೆ ಬೆಳಕು ಸಾಲದೆ ಉದ್ದುದ್ದ ಸಪೂರ ಆಗಿ ಒರಗಿಬಿಡುತ್ತೆ, ಅದನ್ನ ರೋಗ ಅಂತ ತಿಳ್ಕೊಂಡು ನಾನು ಔಷಧಿ ಹೊಡೆದಿದ್ದೆ. ಬುಡ ಗಟ್ಟಿ ಇದ್ದು ಗಿಡ ಉದ್ದ ಆದ್ರೆ ಬೆಳಕಿನ ಕೊರತೆ, ಬುಡ ನೀರುನೀರಾಗಿ ಸಣ್ಣ ಆದ್ರೆ ಕೊಳೆ. ಎರಡೂ ಮಲಗುತ್ತೆ, ಬುಡ ಮುಟ್ಟಿ ನೋಡಿದ್ರೆ ಗೊತ್ತಾಗುತ್ತೆ.

ಕಾರವಾರ, ಕೋಡಿಬಾಗ (ಕೇಳಿದವರು)

ಅಯ್ಯ, ನಾ ಮುಟ್ಟಿ ನೋಡೇ ಇಲ್ಲ ನೋಡ್ರಿ, ಮಕ್ಕೊಂಡಾವು ಅಂದ್ರ ಬಾಯಾರಿಕಿ ಆಗೇತಿ ಅಂತ ಮತ್ತಷ್ಟು ನೀರು ಹಾಕೀನಿ! ಬೀಚಿನ ಮರಳೂ ಒಂದ ಬಕೆಟ್ ತಂದಿಟ್ಟೀನಿ, ನಗಬ್ಯಾಡ್ರಿ. ಇನ್ನೆರಡು ಕೇಳ್ತೀನಿ. ಮೆಣಸಿನಕಾಯಿ ಬೀಜ ಹೋದ ವರ್ಷದ್ದು, ಅದು ಸತ್ತೇತೋ ಜೀವಾ ಐತೋ ಹೆಂಗ ಗೊತ್ತಾಗತೈತಿ? ಮತ್ತ ಕರಿಬೇವಿನ ಬೀಜ ಆನ್‌ಲೈನ್‌ದಾಗ ತರಿಸಿ 20 ಹಾಕೀನಿ, ಎರಡು ತಿಂಗಳಾತು, ಒಂದೂ ಬಂದಿಲ್ಲ.

ಹೊನ್ನಾವರ

ಕರಿಬೇವಿನ ಒಣ ಬೀಜ ಮಾರೋರನ್ನ ಏನನ್ನಬೇಕೋ. ಅದು ಒಣಗಿದ್ರೆ ಜೀವ ಹೋಯ್ತು ಅಂತಲೇ, ಹಲಸಿನ ಬೀಜದ ಜಾತಿ. ಹಣ್ಣು ಗಿಡದಲ್ಲೇ ಕಪ್ಪಾಗಬೇಕು, ಪಿಕಳಾರ ಹಕ್ಕಿಗಿಂತ ಮೊದ್ಲು ನೀವು ಕೊಯ್ಬೇಕು, ತಿರುಳು ತೊಳೆದು ಅದೇ ವಾರ ಮಣ್ಣಿಗೆ. ಪಕ್ಕದ ಮನೆಯವರ ಹಿತ್ಲಲ್ಲಿ ಖಂಡಿತ ಒಂದು ಕರಿಬೇವು ಇರ್ತದೆ, ಮಳೆ ಶುರುವಾಗೋ ಹೊತ್ತಿಗೆ ಹಣ್ಣಿರ್ತದೆ, ಕೇಳಿ. ಬೀಜವೇ ಯಾಕೆ, ಅದರ ಬುಡದಲ್ಲಿ ಬೇರಿಂದ ಎದ್ದ ಮರಿ ಇದ್ರೆ ಅದನ್ನೇ ಬೇರು ಸಮೇತ ಕಿತ್ತು ತನ್ನಿ.

ಮೆಣಸಿಗೆ ಹತ್ತು ಬೀಜದ ಪರೀಕ್ಷೆ ಮಾಡಿ. ಒದ್ದೆ ಮಾಡಿ ಹಿಂಡಿದ ಹತ್ತಿ ಬಟ್ಟೆ, ಹತ್ತು ಬೀಜ ಸಾಲಾಗಿ ಇಟ್ಟು ಮಡಚಿ ಡಬ್ಬಿಗೆ ಹಾಕಿ ಫ್ರಿಜ್ ಮೇಲೆ ಬೆಚ್ಚಗಿಡಿ (ಒಳಗಲ್ಲ). ದಿನಕ್ಕೊಮ್ಮೆ ಬಿಚ್ಚಿ ಗಾಳಿ ಆಡ್ಸಿ. ಟೊಮೆಟೊ ವಾರದೊಳಗೆ ಬರ್ತದೆ, ಮೆಣಸು ಎಂಟರಿಂದ ಹದಿನಾಲ್ಕು ದಿನ ತಗೋತದೆ, ಆರನೇ ದಿನಕ್ಕೇ ಕೈಬಿಡಬೇಡಿ. ಏಳೆಂಟು ಮೊಳೆತ್ರೆ ಒಳ್ಳೇ ಬೀಜ. ಮೂರು ನಾಲ್ಕು ಅಂದ್ರೆ ಒಂದು ಕರಟಕ್ಕೆ ಮೂರು ಹಾಕಿ. ಒಂದೂ ಇಲ್ಲ ಅಂದ್ರೆ ಎಸೀರಿ. ಹಾಗಲ, ಪಡವಲದ ಬೀಜ ಸಿಪ್ಪೆ ಗಟ್ಟಿ, ನೇಲ್ ಕಟರಲ್ಲಿ ಅಂಚು ಚೂರು ಕತ್ತರಿಸಿ ನೆನೆಹಾಕಿ.

ಆಳ ಎಷ್ಟು ಅಂತ ಬಹಳ ಜನ ಕೇಳ್ತಾರೆ, ಬೀಜದ ದಪ್ಪದ ಎರಡರಷ್ಟು ಮಣ್ಣು ಮೇಲೆ, ಸಾಕು. ಹರಿವೆಗೆ ಮುಚ್ಚಿದ್ರೂ ಆಯ್ತು ಬಿಟ್ರೂ ಆಯ್ತು.

ಟೊಮೆಟೊ ಬಗ್ಗೆ ನನ್ನ ಕತೆ ಕೇಳಿ. ಮೂರು ವರ್ಷದ ಹಿಂದೆ ಹನ್ನೆರಡು ಗಿಡ, ಹೂ ಬಿಟ್ಟು ಕಾಯಿ ಕಚ್ಚಿತ್ತು, ನಿನ್ನೆ ಸಂಜೆ ಹಸಿರಾಗಿತ್ತು ಇವತ್ತು ಬೆಳಿಗ್ಗೆ ಒಂದು ಗಿಡ ಬಿಸಿನೀರು ಹೊಯ್ದಂಗೆ ಜೋತು ಬಿದ್ದಿತ್ತು, ಎಲೆ ಒಂದೂ ಹಳದಿ ಆಗಿಲ್ಲ. ವಾರದಲ್ಲಿ ಎಂಟು ಹೋಯ್ತು. ಅಂಗಡಿಯವ ಕೊಟ್ಟ ಎರಡು ಬಾಟ್ಲಿ ಔಷಧಿನೂ ಹೊಡೆದೆ, ದುಡ್ಡೂ ಹೋಯ್ತು. ಆಮೇಲೆ ಗೊತ್ತಿದ್ದವರೊಬ್ರು ಬಂದು ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಲ್ಲಿ ನಿಲ್ಸಿದ್ರು, ನೋಡ್ತಾ ನೋಡ್ತಾ ಕತ್ತರಿಸಿದ ಜಾಗದಿಂದ ಹಾಲಿನ ಎಳೆ ತರ ಬೆಳ್ಳಗೆ ಇಳೀತು. ಬ್ಯಾಕ್ಟೀರಿಯಾ ಸೊರಗು ರೋಗ. ನಮ್ಮ ಹುಳಿ ಮಣ್ಣು, ಸೆಕೆ, ಒದ್ದೆ ಎಲ್ಲ ಅದಕ್ಕೆ ಹಬ್ಬ. ಔಷಧಿ ಹೊಡೆದು ಗಿಡ ಉಳಿಯೋದಿಲ್ಲ, ಆ ಮಣ್ಣಲ್ಲಿ ಬದನೆ, ಮೆಣಸು, ಟೊಮೆಟೊ ಮೂರೂ ಹಾಕೋ ಹಾಗಿಲ್ಲ, ಒಂದೇ ಕುಟುಂಬ. ಈಗ ನಾನು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಹಾಕ್ತೇನೆ, ಅದು ಸೊರಗನ್ನ ತಡ್ಕೊಳ್ತದೆ, ಹೊಸ ಮಣ್ಣು ಹಾಕಿ ಗ್ರೋ ಬ್ಯಾಗಲ್ಲಿ. ಒಂದೇ ಬೇಜಾರು, ಅದು ಎಫ್-1 ಹೈಬ್ರಿಡ್, ಹಣ್ಣಿನ ಬೀಜ ತೆಗೆದು ಮತ್ತೆ ಹಾಕಿದ್ರೆ ತಾಯಿ ತರ ಬರೋದಿಲ್ಲ. ಬೀಜ ಉಳಿಸ್ಕೊಳ್ಳೋ ಆಸೆ ಇದ್ರೆ ಊರ ತಳಿನೇ ಹಾಕಿ.

ಶಿರಸಿ

ಹೊನ್ನಾವರದವರು ಹೇಳಿದ್ದಕ್ಕೆ ಸೇರಿಸ್ತೇನೆ. ಈಗ ಟೊಮೆಟೊ ಹಾಕೋದೇ ಬೇಡ, ಚೌತಿ ಮುಗಿದು ಮಳೆ ಹಿಂದೆ ಸರಿದ ಮೇಲೆ ಹಾಕಿ. ಕುಮಟೆಯ ಸಿಹಿ ಈರುಳ್ಳಿ ಬೆಳೆಯೋರನ್ನೇ ನೋಡಿ, ಮಳೆ ಹೋಗಿ ಭತ್ತ ಕೊಯ್ದಾದ ಮೇಲೇ ಅವರ ಗದ್ದೆಲಿ ಈರುಳ್ಳಿ ಸಸಿ ಕಾಣೋದು, ಮಳೆ ಜೊತೆ ಜಗಳ ಆಡೋದಿಲ್ಲ. ಈಗ ಬರೋದು ಬೆಂಡೆ, ಹೀರೆ, ಮೊಗೆಕಾಯಿ, ಅಲಸಂದೆ, ಬಸಳೆ. ಬಸಳೆಗೆ ಬೀಜ ಯಾಕೆ, ಒಂದು ತುಂಡು ಬಳ್ಳಿ ಊರಿದ್ರೆ ಸಾಕು.

ಬೀಜ ಉಳಿಸೋದಕ್ಕೆ ಪ್ಯಾಕೆಟ್ ಒಡೆದು ಪ್ಲಾಸ್ಟಿಕ್ಕಲ್ಲಿ ಗಂಟು ಹಾಕಿ ಅಡುಗೆಮನೇಲಿ ಇಟ್ರೆ ಈ ಹವೆಲಿ ಸಾಯ್ತದೆ. ನಮ್ಮಲ್ಲಿ ಮೊಗೆಕಾಯಿ ಬೀಜ ಸಗಣಿಲಿ ಕಲಸಿ ಗೋಡೆಗೆ ಬೆರಣಿ ತರ ಮೆತ್ತಿಡ್ತಿದ್ರು, ಬೇಕಾದಾಗ ಒಂದು ಚಕ್ಕೆ ಕಿತ್ತು ಬಿತ್ತೋದು, ಹುಳನೂ ಇಲ್ಲ, ಇಲಿನೂ ಇಲ್ಲ. ಹೀರೆ, ಸೋರೆ ಕಾಯಿನ ಇಡಿಯಾಗೇ ಒಲೆ ಮೇಲಿನ ಹೊಗೆಗೆ ತೂಗ್ಸೋದು. ಫ್ಲ್ಯಾಟಲ್ಲಿ ಸಗಣಿ ಮೆತ್ತಿದ್ರೆ ಓನರ್ ಬಿಡ್ತಾರಾ ಗೊತ್ತಿಲ್ಲ, ನೀವು ಬೂದಿ ಬೆರೆಸಿ ಗಾಜಿನ ಬಾಟ್ಲಿಗೆ ಹಾಕಿ ಬಿಗಿ ಮುಚ್ಚಳ ಹಾಕಿ, ಬೂದಿ ಇಲ್ದಿದ್ರೆ ಹುರಿದು ತಣಿಸಿದ ಅಕ್ಕಿನ ಬಟ್ಟೆಲಿ ಗಂಟು ಕಟ್ಟಿ ಒಳಗಿಡಿ, ಒದ್ದೆ ಎಳ್ಕೊಳ್ತದೆ. ಊರ ತಳಿ ಬೀಜ ಬೇಕು ಅಂದ್ರೆ ಶಿರಸಿಲಿ ವನಸ್ತ್ರೀ ಅಂತ ಹೆಂಗಸರ ಬೀಜ ಸಂಘ ಇದೆ, 2001ರಿಂದ ಮಾಡ್ತಾ ಇದಾರೆ. ಅವರ ಮಲೆನಾಡು ಮೇಳದಲ್ಲಿ ನಾನು ತಂದ ಬಿಳಿ ಬೆಂಡೆ ಇವತ್ತಿಗೂ ನಮ್ಮನೇಲಿ ನಡೀತಾ ಇದೆ. ಬಿಸಿಲು ಕಂಡ ಮೇಲೆ ಶಿರಸಿಗೆ ಬಂದ್ರೆ ಹೇಳಿ, ಒಂದು ಮುಷ್ಟಿ ಕೊಡ್ತೇನೆ.

ಕಾರವಾರ, ಕೋಡಿಬಾಗ (ಕೇಳಿದವರು, ಮೂರು ವಾರ ಆದಮೇಲೆ)

ಎಲ್ಲಾರಿಗೂ ಥ್ಯಾಂಕ್ಸ್ ರಿ. ಮೆಣಸಿನಕಾಯಿ ಪರೀಕ್ಷೆ ಮಾಡಿದೆ, ಹತ್ತರಾಗ ಎರಡ ಬಂದ್ವು, ಅದೂ ಹನ್ನೆರಡನೇ ದಿನಕ್ಕ, ಪ್ಯಾಕೆಟ್ ಒಗದೆ. ಹರಿವೆ ರವೆ ಹಾಕಿ ಬಿತ್ತಿದ್ದು ಅಂಗೈ ಎತ್ತರ ಬಂದೈತಿ, ಇರುವಿ ರವೇನೂ ತಿಂದ್ವು, ಹರಿವೇನೂ ಉಳೀತು. ಬೆಂಡಿ ಎಂಟು ಕರಟದಾಗ ಹಾಕಿದ್ದೆ, ಏಳು ನೆಟ್ಟಗ ನಿಂತಾವು, ಬುಡ ಮುಟ್ಟಿ ನೋಡೀನಿ, ಗಟ್ಟಿ ಅದಾವು. ನೀರು ನಾಕು ದಿನಕ್ಕೊಮ್ಮೆ ಹಾಕ್ತೀನಿ, ಹಾಕಲಾರದ ಸುಮ್ನ ಕುಂದ್ರೂದ ಭಾಳ ಕಷ್ಟ ಆಗೇತಿ ನನಗ. ಬೀಚಿನ ಮರಳು ಬೀಚಿಗೇ ಹೋತು. ಕರಿಬೇವಿನ ಮರಿ ಕೆಳಗಿನ ಮನಿ ಅಕ್ಕಾರು ಕೊಟ್ರು, ಬದಲಿಗೆ ನಾ ರೊಟ್ಟಿ ಕೊಟ್ಟೆ.

ಈಗ ಒಂದ ಪ್ರಶ್ನೆ. ನಿನ್ನೆ ರಾತ್ರಿ ಒಂದ ಬೆಂಡಿ ಸಸಿ ಎಲಿ ಅರ್ಧಾ ಇಲ್ಲ, ಕುಂಡದ ಮ್ಯಾಲೆ ಬೆಳ್ಳಿ ಗೆರಿ ಎಳದಂಗ ಐತಿ. ಬಸವನಹುಳ ಅಂತಾರ ಮನೆಯವ್ರು. ಎರಡನೇ ಫ್ಲೋರಿಗೆ ಬಸವನಹುಳ ಹೆಂಗ ಬರತೈತ್ರಿ?

ಅಂಕೋಲಾ

ಮೆಟ್ಟಿಲು ಹತ್ತಿ ಬರೂದಿಲ್ಲ ತಂಗಿ, ನಿನ್ನ ಗೊಬ್ಬರದ ಚೀಲದಲ್ಲೇ ಮೊಟ್ಟೆ ಬಂದಿರ್ತದೆ. ರಾತ್ರಿ ಒಂಬತ್ತಕ್ಕೆ ಟಾರ್ಚ್ ಹಿಡ್ಕಂಡು ಕುಂಡದ ಅಡಿ ಎತ್ತಿ ನೋಡು. ಒದ್ದೆ ಗೋಣಿ ಒಂದು ಮಡಚಿ ಪಕ್ಕದಲ್ಲಿಡು, ಬೆಳಿಗ್ಗೆ ಎಲ್ಲ ಅದರ ಕೆಳಗೇ ಸೇರಿರ್ತವೆ, ಎತ್ತಿ ಉಪ್ಪುನೀರಿನ ಬಕೆಟಿಗೆ ಹಾಕು. ಉಪ್ಪು ಮಾತ್ರ ಕುಂಡಕ್ಕೆ ಉದುರಿಸ್ಬೇಡ ಮತ್ತೆ.