ಕೋಲಾರಕ್ಕೂ ಕಡಲಿಗೂ ಏನು ಸಂಬಂಧ? ನಮ್ಮ ಗುಂಪಿನ ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಸಂಜೆ 6ರಿಂದ ಮೇಡಂ ಇರುತ್ತಾರೆ. ಬಂಗಾರಪೇಟೆಯವರೇ. ಮಂಗಳೂರಿನಲ್ಲಿ ಮೀನುಗಾರಿಕಾ ವಿಜ್ಞಾನಿಯಾಗಿದ್ದು ನಿವೃತ್ತರಾದವರು. ಸಮುದ್ರಕ್ಕೆ ನಾವು ಮಾಡುತ್ತಿರುವ ಕೇಡಿನ ಬಗ್ಗೆ ಕೇಳಿ. ಫಾರ್ವರ್ಡ್ ಹಾಕಬೇಡಿ, ದಯವಿಟ್ಟು.

ಕ್ಲಾಕ್ ಟವರ್ ಹುಡುಗ: ನಮಸ್ತೆ ಮೇಡಂ. ಕೇರಳದ ಹತ್ತಿರ ಹಡಗು ಮುಳುಗಿದಾಗಿಂದ ನಮ್ಮನೇಲಿ ಬಂಗುಡೆ ತರೋದೇ ಬಿಟ್ಟಿದ್ದಾರೆ. ತಿನ್ನಬಹುದಾ?

ಮೇಡಂ: ನಮಸ್ಕಾರ. ತಿನ್ನಬಹುದು. ಆ ಹಡಗು, ಎಂಎಸ್‌ಸಿ ಎಲ್ಸಾ 3, ಮುಳುಗಿದ್ದು 2025ರ ಮೇ 25ಕ್ಕೆ, ಕೊಚ್ಚಿ ಹತ್ತಿರ. 640 ಕಂಟೇನರ್ ಇದ್ದವು. ಆಮೇಲೆ ಸಬ್ಬಕ್ಕಿಯಂಥ ಪ್ಲಾಸ್ಟಿಕ್ ಕಾಳು ಕೇರಳದ ದಡಕ್ಕೆ ಬಂದು ಬಿತ್ತು. ಮೀನು ಅದನ್ನು ನುಂಗಿದರೆ ಹೆಚ್ಚಾಗಿ ಹೊಟ್ಟೆಯಲ್ಲೇ ಇರುತ್ತದೆ. ಬಂಗುಡೆಯ ಹೊಟ್ಟೆ ತೆಗೆದೇ ಸಾರು ಮಾಡುತ್ತೀರಿ ಅಲ್ವಾ?

ಕೆಜಿಎಫ್ ಮೇಷ್ಟ್ರು: ಒಳ್ಳೇ ಮಾಹಿತಿ, ಎಲ್ಲರಿಗೂ ಕಳಿಸಿ. ಸಮುದ್ರದ ಮೀನನ್ನು ಹುಣಸೆ ನೀರು, ಅರಿಶಿನದಲ್ಲಿ ಒಂದು ಗಂಟೆ ನೆನೆಸಿದರೆ ಪಾದರಸವೆಲ್ಲ ಇಳಿದುಹೋಗುತ್ತದೆ. 🙏

ಮೇಡಂ: ಇಳಿಯುವುದಿಲ್ಲ. ಮೀನಿನೊಳಗಿನ ಪಾದರಸ ಮಾಂಸದಲ್ಲೇ ಬೆರೆತಿರುತ್ತದೆ. ತೊಳೆದರೂ ಹೋಗಲ್ಲ, ಬೇಯಿಸಿದರೂ ಹೋಗಲ್ಲ. ಕಲ್ಲಿದ್ದಲು ಸುಡುವುದರಿಂದ, ಸಣ್ಣ ಚಿನ್ನದ ಗಣಿಗಳಿಂದ ಅದು ಗಾಳಿಗೆ, ನೀರಿಗೆ ಸೇರಿ ಕಡಲಿಗೆ ಹೋಗುತ್ತದೆ. ದೊಡ್ಡ ಬೇಟೆ ಮೀನುಗಳಲ್ಲಿ ಜಾಸ್ತಿ, ಬೂತಾಯಿ, ಬಂಗುಡೆಯಲ್ಲಿ ಕಡಿಮೆ. ಗರ್ಭಿಣಿಯರು ಶಾರ್ಕ್‌ನಂಥ ದೊಡ್ಡ ಮೀನು ಬಿಡಲಿ. ಹುಣಸೆಹಣ್ಣು ಸಾರಿಗಿರಲಿ.

ಬೇತಮಂಗಲ ಟೊಮೆಟೊ: ಮೇಡಂ, ನನ್ನದು ಮೂರು ಎಕರೆ ಟೊಮೆಟೊ. ಬೆಳೆ ಮುಗಿದಿದೆ, ಸಾಲುಗಳ ಮೇಲೆ ಹಾಸಿದ್ದ ಮಲ್ಚಿಂಗ್ ಪೇಪರ್ ಎಲ್ಲ ಹರಿದು ಚೂರಾಗಿದೆ. ರೋಟವೇಟರ್ ಹೊಡೆಸಿಬಿಡು ಅಂತ ಒಬ್ಬರು, ಸುಟ್ಟುಬಿಡು ಅಂತ ಇನ್ನೊಬ್ಬರು. ಪಕ್ಕದವರು ಮಳೆಗೆ ಮುಂಚೆ ರಾಜಕಾಲುವೆಗೆ ತಳ್ಳುತ್ತಾರೆ. ಸಮುದ್ರದ ಪ್ರಶ್ನೆ ಅಲ್ಲ, ತಪ್ಪು ತಿಳಿಯಬೇಡಿ.

ಮೇಡಂ: ಇವತ್ತು ಬಂದಿರುವ ಪ್ರಶ್ನೆಗಳಲ್ಲಿ ನಿಮ್ಮದೇ ಸಮುದ್ರದ ಪ್ರಶ್ನೆ.

ಆ ಪೇಪರ್ ಪಾಲಿಥೀನ್. ಬಿಸಿಲು ತಿಂದು ಹಪ್ಪಳದಂತಾಗುತ್ತದೆ. ರೋಟವೇಟರ್ ಹೊಡೆದರೆ ಮಾಯ ಆಗಲ್ಲ, ಪುಡಿ ಆಗುತ್ತದೆ ಅಷ್ಟೆ. ಒಂದು ಹಾಳೆಯಾಗಿದ್ದರೆ ಎತ್ತಬಹುದು. ಪುಡಿಯನ್ನು ಯಾರು ಹೆಕ್ಕುತ್ತಾರೆ? ಮಳೆ ಬಂದರೆ ಕಾಲುವೆ, ಕಾಲುವೆಯಿಂದ ಕೆರೆ, ಕೆರೆ ಕೋಡಿ ಹರಿದರೆ ಪಾಲಾರ್. ನಂದಿ ಬೆಟ್ಟದ ಕಡೆ ಹುಟ್ಟುವ ಅದೇ ಪಾಲಾರ್ ನಿಮ್ಮ ಬೇತಮಂಗಲದ ಕೆರೆ ದಾಟಿ, ಚೆನ್ನೈನಿಂದ ದಕ್ಷಿಣಕ್ಕೆ ವಯಲೂರಿನ ಹತ್ತಿರ ಬಂಗಾಳ ಕೊಲ್ಲಿ ಸೇರುತ್ತದೆ. ಒಣಗಿದ ಹೊಳೆ ಅಂತೀರಿ. ನಿಜ, ವರ್ಷದ ಬಹುಪಾಲು ಮರಳೇ. 2021ರ ನವೆಂಬರ್ ನೆನಪಿದೆಯಾ? ಪಾಲಾರ್‌ಗೆ ಪ್ರವಾಹ ಬಂತು. ವರ್ಷಗಟ್ಟಲೆ ಮಡುಗಟ್ಟಿದ ಕಸ ಅಂಥ ಒಂದೇ ಮಳೆಗೆ ಹೊರಡುತ್ತದೆ.

ನಿಮ್ಮೊಬ್ಬರದೇ ತಪ್ಪಲ್ಲ. ಜಗತ್ತಿನಲ್ಲಿ ಬೇಸಾಯ, ಪಶುಪಾಲನೆಗೆ ವರ್ಷಕ್ಕೆ ಸುಮಾರು 1.25 ಕೋಟಿ ಟನ್ ಪ್ಲಾಸ್ಟಿಕ್ ಬಳಕೆಯಾಗುತ್ತದೆ ಅಂತ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ (ಎಫ್‌ಎಒ) 2021ರಲ್ಲಿ ಹೇಳಿತು. ಮಾರುವಾಗ ಸಬ್ಸಿಡಿ ಮಾತು ಬರುತ್ತದೆ, ವಾಪಸ್ ತಗೊಳ್ಳುವ ಮಾತು ಬರಲ್ಲ.

ಸುಡಬೇಡಿ, ಆ ಹೊಗೆ ಮೊದಲು ಕುಡಿಯುವವರು ನಿಮ್ಮ ಮನೆಯವರೇ. ನೆಲ ಸ್ವಲ್ಪ ಹಸಿ ಇರುವಾಗ ಅಂಚಿನ ಮಣ್ಣು ಸಡಿಲಿಸಿ ಸಾಲು ಸಾಲಾಗಿ ಸುತ್ತಿಕೊಳ್ಳಿ. ಮುಂದಿನ ಸಲ ದಪ್ಪ ಶೀಟ್ ಹಾಕಿ, ಎತ್ತುವಾಗ ಹರಿಯಲ್ಲ. ಎಷ್ಟು ತಿಂಗಳಿಂದ ಬಿಸಿಲಲ್ಲಿದೆ?

ಮಾಲೂರಿನ ಗೃಹಿಣಿ: ಮೇಡಂ, ಈಗ ಸಮುದ್ರದ ಮೀನು ತಿನ್ನಬಹುದಾ?

ಮೇಡಂ: ತಿನ್ನಬಹುದು. ಮೇಲೆ ಬರೆದಿದ್ದೇನೆ.

ಚಿಂತಾಮಣಿ ಅಂಗಡಿ: ಉಪ್ಪಿನಲ್ಲಿ ಪ್ಲಾಸ್ಟಿಕ್ ಇದೆಯಂತೆ. ಹುರಿದರೆ ಹೋಗುತ್ತೆ ಅಂತ ವಿಡಿಯೋ ಬಂದಿದೆ.

ಮೇಡಂ: ಪ್ಲಾಸ್ಟಿಕ್ ಹುರಿದು ಅದರ ಹೊಗೆ ಕುಡಿಯಬೇಕಾ? ವಿಡಿಯೋ ಅಳಿಸಿ.

ಪಿಯುಸಿ ಹುಡುಗಿ: ಮ್ಯಾಮ್, ಮರೈನ್ ಬಯಾಲಜಿ ಓದಬೇಕು ಅಂತಿದೆ. ಎಲ್ಲಿ ಓದಬಹುದು?

ನರಸಾಪುರ ಯುವಕ: ಚೆನ್ನೈ ಕಡೆ ಕಡಲಾಮೆಗಳು ಪ್ಲಾಸ್ಟಿಕ್ ತಿಂದೇ ಸತ್ತಿದ್ದಲ್ವಾ?

ಮೇಡಂ: 2025ರ ಜನವರಿಯದ್ದು ಕೇಳುತ್ತಿದ್ದೀರಾ? ಅದರಲ್ಲಿ ಟ್ರಾಲ್ ಬಲೆಯದೇ, ಅಂದರೆ ದೋಣಿ ಎಳೆದುಕೊಂಡು ಹೋಗುವ ದೊಡ್ಡ ಚೀಲದಂಥ ಬಲೆಯದೇ, ಮುಖ್ಯ ಪಾತ್ರ. ಆಮೆ ಉಸಿರಿಗೆ ಮೇಲೆ ಬರಲೇಬೇಕು, ಬಲೆಯೊಳಗೆ ಮುಳುಗಿ ಸಾಯುತ್ತದೆ. ಎಲ್ಲವನ್ನೂ ಪ್ಲಾಸ್ಟಿಕ್ ತಲೆಗೆ ಕಟ್ಟಬೇಡಿ. ನನ್ನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಪೆಟ್ಟು ಬಿಸಿ. ಭೂಮಿಯಲ್ಲಿ ಹೆಚ್ಚಾದ ಶಾಖದ 90%ಕ್ಕೂ ಜಾಸ್ತಿ ಕಡಲೇ ನುಂಗಿದೆ. ಲಕ್ಷದ್ವೀಪದ ಹವಳ 1998, 2010, 2016, 2024ರಲ್ಲಿ ಬಿಳಿಚಿತು.

ಕೋಲಾರ ರೈತ ಮಿತ್ರ: ಅದಿರಲಿ. ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ) ಯೋಜನೆ ಅಂತ ಬೆಂಗಳೂರಿನ ಕೊಳಚೆ ನಮ್ಮ ಕೆರೆಗೆ ಬಿಟ್ಟಿದ್ದಾರಲ್ಲ, ಅದೂ ಸಮುದ್ರಕ್ಕೇ ಹೋಗುತ್ತೆ ತಾನೇ?

ನರಸಾಪುರ ಯುವಕ: ಅದೇ ನೀರು 2018ರಲ್ಲಿ ಬಂದ ಮೇಲೆ ನಮ್ಮ ಬೋರ್‌ವೆಲ್ ಎದ್ದಿದ್ದು. ಸಾವಿರ ಅಡಿ ಕೊರೆಸಿ ಸಾಲ ಮಾಡಿದವರನ್ನು ಕೇಳಿ ಅಣ್ಣಾ.

ಕೋಲಾರ ರೈತ ಮಿತ್ರ: ಎರಡೇ ಹಂತ ಶುದ್ಧಿ ಮಾಡಿದ ನೀರು ಅದು. ಮೂರನೇ ಹಂತ ಎಲ್ಲಿ? ನೀವು ಕುಡಿದು ತೋರಿಸಿ.

ನರಸಾಪುರ ಯುವಕ: ಕುಡಿಯೋಕೆ ಯಾರು ಹೇಳಿದರು? ಹಿಪ್ಪುನೇರಳೆಗೆ ಬಿಡ್ತೀವಿ. ನಿಮಗೆ ತೋಟ ಇದೆಯಾ, ಬರೀ ಫೇಸ್‌ಬುಕ್ಕಾ?

ಕೆಜಿಎಫ್ ಮೇಷ್ಟ್ರು: ಇಬ್ಬರೂ ಶಾಂತವಾಗಿರಿ. ಹುಣಸೆ ನೀರಿನ ವಿಷಯ ನಮ್ಮ ಅಜ್ಜಿ ಕಾಲದ್ದು, ಮೇಡಂ ಪರಿಶೀಲಿಸಲಿ.

ಮೇಡಂ: ನಿಮ್ಮ ಅಜ್ಜಿ ಹುಣಸೆ ಹಾಕಿದ್ದು ರುಚಿಗೆ ಮೇಷ್ಟ್ರೇ. ಪರಿಶೀಲನೆ ಮುಗಿದಿದೆ.

ಕೋಲಾರ ರೈತ ಮಿತ್ರ: ನನ್ನ ಪ್ರಶ್ನೆಗೆ ಮೇಡಂ ಉತ್ತರ ಕೊಡಲೇ ಇಲ್ಲ. ಗೊತ್ತಿತ್ತು.

ನರಸಾಪುರ ಯುವಕ: ನೀವು ಕೇಳಿದ್ದು ಪ್ರಶ್ನೆ ಅಲ್ಲ ಸ್ವಾಮಿ, ಭಾಷಣ.

ಅಡ್ಮಿನ್: ಇಬ್ಬರದ್ದೂ ಮುಂದಿನ ಕಾಮೆಂಟ್ ತೆಗೆಯುತ್ತೇನೆ.

ಬೇತಮಂಗಲ ಟೊಮೆಟೊ: ಐದು ತಿಂಗಳು ಮೇಡಂ. ಇವತ್ತು ನಾಲ್ಕು ಸಾಲು ಸುತ್ತಿ ನೋಡಿದೆ, ಬರುತ್ತಿದೆ. ಆದರೆ ಗುಜರಿಯವನು ಮಣ್ಣಿದೆ, ಬೇಡ ಅಂತಾನೆ.

ಮೇಡಂ: ಒಣಗಿಸಿ, ಕೊಡವಿ. ಮಣ್ಣು ಜಾಸ್ತಿ ಇದ್ದರೆ ಅವನು ತೂಕದಲ್ಲಿ ನಷ್ಟ ಅಂತಾನೆ. ನಾಲ್ಕೈದು ತೋಟದವರು ಸೇರಿಸಿ ಒಂದು ಟೆಂಪೋ ಆಗುವಷ್ಟು ಮಾಡಿ, ಆಮೇಲೆ ಕೇಳಿ ನೋಡಿ. ಪಕ್ಕದವರನ್ನೂ ಕರೆಯಿರಿ, ಕಾಲುವೆಗೆ ತಳ್ಳುವವರನ್ನು.

ಬೇತಮಂಗಲ ಟೊಮೆಟೊ: ಅವರ ಜೊತೆ ಮಾತು ಬಿಟ್ಟು ಎರಡು ವರ್ಷ ಆಯ್ತು ಮೇಡಂ.