ಕಾರಿನ ಹೀಟರ್ ಕೋರ್‌ಗೆ ಹೋಸ್ ನಿಪ್ಪಲ್ ಜೋಡಿಸುವುದು ಹೇಗೆ?

ಪ್ರಶ್ನೆ:
ಕಂಪ್ಯೂಟರಿನ ಪ್ರೊಸೆಸರನ್ನು ನೀರಿನಿಂದ ತಂಪಾಗಿಡಲು ಹಳೆಯ ಕಾರೊಂದರ ಹೀಟರ್ ಕೋರನ್ನು (ಕಾರಿನ ಒಳಭಾಗವನ್ನು ಬೆಚ್ಚಗಿಡುವ ಪುಟ್ಟ ರೇಡಿಯೇಟರ್) ಗುಜರಿಯಿಂದ ತಂದಿದ್ದೇನೆ. ಅದರ ಕೊಳವೆಗಳ ಹೊರವ್ಯಾಸ 16 ಮಿ.ಮೀ.; ನನ್ನ ಪಂಪು ಮತ್ತು ತಾಮ್ರದ ವಾಟರ್ ಬ್ಲಾಕಿಗೆ (ಪ್ರೊಸೆಸರಿನ ಮೇಲೆ ಕೂರುವ, ಒಳಗೆ ನೀರು ಹರಿಯುವ ಲೋಹದ ತುಂಡು) ಹಾಕಿರುವ ಹೋಸಿನ ಒಳವ್ಯಾಸ 10 ಮಿ.ಮೀ. ಕೊಳವೆಗಳನ್ನು ಕತ್ತರಿಸಿ ಹೋಸ್ ಸಿಕ್ಕಿಸುವ ಹಿತ್ತಾಳೆಯ ಗಿಡ್ಡ ಕೊಳವೆ, ಅಂದರೆ ನಿಪ್ಪಲ್, ಬೆಸೆಯಬೇಕೇ, ಎಪಾಕ್ಸಿ ಅಂಟು ಸಾಕೇ? ಸೋರಿದರೆ ಕೆಳಗಿರುವ ಗ್ರಾಫಿಕ್ಸ್ ಕಾರ್ಡಿಗೇ ಅಪಾಯವೆಂದು ಕೇಳುತ್ತಿದ್ದೇನೆ.

ಉತ್ತರ 1:
ಮೊದಲು ಕೊಳವೆಯ ತುದಿಯನ್ನು ಅರದಿಂದ ಸ್ವಲ್ಪ ಉಜ್ಜಿ ನೋಡಿ. ಒಳಗೆ ಬೆಳ್ಳಗೆ ಕಂಡು, ಕೋರ್ ಕೂಡ ಹಗುರವಾಗಿದ್ದರೆ ಅದು ಅಲ್ಯೂಮಿನಿಯಂ. ಸಾಮಾನ್ಯ ಬೆಸುಗೆ ಅದಕ್ಕೆ ಹಿಡಿಯುವುದಿಲ್ಲ, ಮೇಲಾಗಿ ತಾಮ್ರದ ಬ್ಲಾಕಿನೊಂದಿಗೆ ಒಂದೇ ನೀರಿನಲ್ಲಿ ಸೇರಿಸಿದರೆ ಅಲ್ಯೂಮಿನಿಯಂ ಸವೆಯುತ್ತಾ ಹೋಗುತ್ತದೆ, ಆದ್ದರಿಂದ ಆ ಕೋರನ್ನು ಬಿಟ್ಟುಬಿಡಿ. ತಾಮ್ರ ಅಥವಾ ಹಿತ್ತಾಳೆಯಾಗಿದ್ದರೆ ಎರಡೂ ಮೈಗಳನ್ನು ಮರಳುಕಾಗದದಿಂದ ಹೊಳೆಯುವಂತೆ ಉಜ್ಜಿ, ಫ್ಲಕ್ಸ್ (ಬೆಸುಗೆ ಲೋಹಕ್ಕೆ ಹಿಡಿಯಲು ಹಚ್ಚುವ ಪದಾರ್ಥ) ಹಚ್ಚಿ, 60:40ರ ತವರ-ಸೀಸದ ಬೆಸುಗೆಯಿಂದ ಜೋಡಿಸಬಹುದು. ಈ ಬೆಸುಗೆ 190 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಪೂರ್ತಿ ಕರಗುತ್ತದೆ. ಕೋರಿನ ಸ್ವಂತ ಕೀಲುಗಳೂ ಹೆಚ್ಚಾಗಿ ಇಂಥದೇ ಬೆಸುಗೆಯವಾದ್ದರಿಂದ, ಕೊಳವೆಯ ಬುಡಕ್ಕೆ ಒದ್ದೆ ಬಟ್ಟೆ ಸುತ್ತದೆ ಕಾಯಿಸಿದರೆ ನೀವು ಒಂದು ಕಡೆ ಮುಚ್ಚುವಷ್ಟರಲ್ಲಿ ಇನ್ನೊಂದು ಕಡೆ ಬಿಟ್ಟುಕೊಳ್ಳುತ್ತದೆ. ಈ ಕಾರಣಕ್ಕೇ ಕೊಳವೆಯನ್ನು ತೀರಾ ಗಿಡ್ಡವಾಗಿ ಕತ್ತರಿಸಬಾರದು. ಎಪಾಕ್ಸಿಯನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಹೋಸ್ ಎಳೆದಾಗಲೆಲ್ಲ ಆ ಸೆಳೆತ ಅಂಟಿನ ಮೇಲೇ ಬೀಳುತ್ತದೆ.

ಉತ್ತರ 2:
ಮೇಲಿನ ವಿವರ ಸರಿಯಾಗಿದೆ, ಆದರೆ ಜಾಗವಿದ್ದರೆ ಕತ್ತರಿಸುವ ಅಗತ್ಯವೇ ಇಲ್ಲವೆಂಬುದು ನನ್ನ ಅಭಿಪ್ರಾಯ. ಕೊಳವೆಯ ತುದಿಯಲ್ಲಿ ಸ್ವಲ್ಪ ಉಬ್ಬಿದ ಬಳೆ ಇರುತ್ತದೆ; ಹೋಸ್ ಜಾರದಂತೆ ಹಿಡಿಯುವುದು ಅದೇ. ಅದನ್ನು ಉಳಿಸಿಕೊಂಡು, 16 ಮಿ.ಮೀ.ನ ಹೀಟರ್ ಹೋಸಿನ ಗೇಣುದ್ದದ ತುಂಡೊಂದನ್ನು ಬಳೆ ದಾಟಿಸಿ ಕ್ಲಾಂಪ್ ಬಿಗಿಯಿರಿ, ಆ ತುಂಡಿನ ಇನ್ನೊಂದು ತುದಿಗೆ 16ರಿಂದ 10ಕ್ಕೆ ಇಳಿಯುವ ಹಿತ್ತಾಳೆಯ ರೆಡ್ಯೂಸರ್ ಹಾಕಿ. ಕ್ಲಾಂಪುಗಳು ಹೆಚ್ಚಾಗುವುದು ನಿಜ, ಆದರೆ ಕೋರಿಗೆ ಬಿಸಿ ತಾಗುವುದಿಲ್ಲ.

ಉತ್ತರ 3:
ಯಾವ ದಾರಿ ಹಿಡಿದರೂ ಕಂಪ್ಯೂಟರಿನ ಒಳಗೆ ಕೂರಿಸುವ ಮೊದಲು ಪರೀಕ್ಷಿಸಿ. ಒಂದು ಬಾಯಿ ಮುಚ್ಚಿ, ಕೋರನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ, ಸೈಕಲ್ ಪಂಪಿನಿಂದ ಅರ್ಧ ಬಾರ್ ಒತ್ತಡದಷ್ಟು ಗಾಳಿ ಕೊಡಿ. ಗುಳ್ಳೆ ಬಂದ ಜಾಗವನ್ನು ಗುರುತಿಸಿಕೊಳ್ಳಿ. ಬೆಸೆದಿದ್ದರೆ ಒಳಗುಳಿದ ಫ್ಲಕ್ಸ್ ಲೋಹವನ್ನು ತಿನ್ನುವುದರಿಂದ ಬಿಸಿನೀರಿನಿಂದ ಚೆನ್ನಾಗಿ ತೊಳೆದು, ಕೊನೆಯಲ್ಲಿ ಡಿಸ್ಟಿಲ್ಡ್ ವಾಟರ್ ಹಾಯಿಸಿ. ಜಿ 1/4 ಎಂಬ ಅಳತೆಯ ತಿರುಪು ಮರೆಯ (ಥ್ರೆಡ್) ಫಿಟ್ಟಿಂಗ್ ಬಳಸುವುದಾದರೆ ಟೆಫ್ಲಾನ್ ಟೇಪ್ ಸುತ್ತಬೇಡಿ: ಆ ಮರೆ ತುದಿಗೆ ಕಿರಿದಾಗದೆ ನೇರವಾಗಿರುವಂಥದ್ದು, ನೀರನ್ನು ತಡೆಯುವುದು ಅದರ ಬುಡದಲ್ಲಿರುವ ಓ-ರಿಂಗ್ (ರಬ್ಬರ್ ಬಳೆ). ಅದು ಸಮನಾಗಿ ಕೂರುವಷ್ಟು ಕೈಯಲ್ಲೇ ಬಿಗಿದರೆ ಸಾಕು.