ಅದು ದೇವಸ್ಥಾನ ಅಲ್ಲ ಮಾವ

ಮಾವ, ನಿನ್ನೆ ಗ್ರೂಪಿಗೆ ಹಾಕಿದ ಫೋಟೋ ನೋಡಿ ‘ಸಿಂಗಾಪುರದಲ್ಲೂ ಕೆಮ್ಮಣ್ಣು ಸುಣ್ಣದ ಪಟ್ಟೆ ಬಳಿದ ದೇವಸ್ಥಾನ ಇದೆಯಾ, ಇಲ್ಲ ಚರ್ಚಾ’ ಅಂತ ಕೇಳಿದ್ದಿರಲ್ವಾ, ಓದಿ ತುಂಬಾ ಹೊತ್ತು ನಕ್ಕೆ. ಎರಡೂ ಅಲ್ಲ. ಅದು ಫೈರ್ ಸ್ಟೇಷನ್! ಹಿಲ್ ಸ್ಟ್ರೀಟ್‌ನಲ್ಲಿರುವ ಸೆಂಟ್ರಲ್ ಫೈರ್ ಸ್ಟೇಷನ್. ಚರ್ಚೇ ಬೇಕು ಅಂದರೆ ಪಕ್ಕದಲ್ಲಿ ಆರ್ಮೇನಿಯನ್ ಚರ್ಚ್ ಇದೆ, ಆದರೆ ಅದು ಪೂರ್ತಿ ಬಿಳಿ.

ಆ ಪಟ್ಟೆ ಬಳಿದಿದ್ದಲ್ಲ, ಕೆಂಪು ಇಟ್ಟಿಗೆ ನಡುನಡುವೆ ಬಿಳಿ ಗಾರೆ. ಇಂಗ್ಲಿಷಿನವರು ಇದಕ್ಕೆ ‘ಬ್ಲಡ್ ಅಂಡ್ ಬ್ಯಾಂಡೇಜ್’ ಅನ್ನುತ್ತಾರೆ, ಗಾಯಕ್ಕೆ ಬಟ್ಟೆ ಸುತ್ತಿದ ಹಾಗೆ ಕಾಣುತ್ತೆ ಅಂತ. ನನಗೆ ನಿಮ್ಮ ಕೆಮ್ಮಣ್ಣು ಸುಣ್ಣವೇ ಜಾಸ್ತಿ ಇಷ್ಟವಾಯಿತು.

ಕಟ್ಟಿ ಮುಗಿಸಿದ್ದು 1908ರಲ್ಲಿ. ಆ ಗೋಪುರ ಸುಮ್ನೆ ಅಂದಕ್ಕೆ ಅಂತ ಕಟ್ಟಿದ್ದಲ್ಲ. ಆಗ ಸುತ್ತಮುತ್ತ ಅಷ್ಟು ಎತ್ತರದ ಕಟ್ಟಡ ಇರಲಿಲ್ಲ, ಒಬ್ಬ ಮೇಲೆ ನಿಂತು ಯಾವ ಕಡೆ ಹೊಗೆ ಏಳುತ್ತಿದೆ ಅಂತ ಕಾಯುತ್ತಿದ್ದ. ಇನ್ನೊಂದು ಕೆಲಸವೂ ಅದಕ್ಕಿತ್ತು, ನೀರಿನ ಪೈಪ್ ಒಣಗಿಸೋದು. ಆಗಿನ ಪೈಪು ದಪ್ಪ ಕ್ಯಾನ್ವಾಸ್ ಬಟ್ಟೆಯದು, ಒದ್ದೆಯಲ್ಲೇ ಸುತ್ತಿಟ್ಟರೆ ಕೊಳೆತು ಹೋಗುತ್ತೆ, ಇಲ್ಲಿನ ಹವೆಯಲ್ಲಂತೂ ಕೇಳಲೇಬೇಡಿ. ಮಳೆಗಾಲದಲ್ಲಿ ಅಜ್ಜಿ ತಮ್ಮ ಒಂಬತ್ತು ಗಜದ ಸೀರೆಯನ್ನು ಹಿತ್ತಲ ಜಗುಲಿಯಲ್ಲಿ ಇಳಿಬಿಡುತ್ತಿದ್ದರಲ್ಲ, ಹಾಗೇ ಗೋಪುರದಿಂದ ಪೈಪ್ ಇಳಿಬಿಡುತ್ತಿದ್ದರು.

1998ರಲ್ಲಿ ಇದನ್ನು ರಾಷ್ಟ್ರೀಯ ಸ್ಮಾರಕ ಅಂತ ಘೋಷಿಸಿದರು. ಸ್ಮಾರಕ ಅಂದ ಮೇಲೆ ಬೀಗ ಹಾಕಿ ಬೋರ್ಡ್ ನೇತುಹಾಕಿರುತ್ತಾರೆ ಅಂದುಕೊಂಡಿದ್ದೆ. ನಾನು ಫೋಟೋ ತೆಗೆಯುತ್ತಿದ್ದಾಗಲೇ ಸೈರನ್ ಹಾಕಿಕೊಂಡು ಗಾಡಿ ಹೊರಗೆ ಬಂತು ಮಾವ! ಎದೆ ಧಸಕ್ ಅಂತು. ಇಲ್ಲಿ ಬೆಂಕಿ ಬಿದ್ದಾಗ 995 ಒತ್ತಿದರೆ ಈಗಲೂ ಈ ಸ್ಟೇಷನ್ನಿನಿಂದ ಹೊರಡುತ್ತಾರೆ.

ಒಳಗೆ ಒಂದು ಭಾಗದಲ್ಲಿ ಗ್ಯಾಲರಿ ಇದೆ. ಹಳೇ ಫೈರ್ ಇಂಜಿನ್, ಹೆಲ್ಮೆಟ್ ಎಲ್ಲ ಇಟ್ಟಿದ್ದಾರೆ. ನನ್ನನ್ನು ನಿಲ್ಲಿಸಿದ್ದು 1961ರಲ್ಲಿ ಇಲ್ಲಿನ ಬುಕಿತ್ ಹೋ ಸ್ವೀ ಅನ್ನೋ ಜಾಗದಲ್ಲಿ ಬಿದ್ದ ಬೆಂಕಿಯ ಕಥೆ. ಒತ್ತೊತ್ತಾಗಿದ್ದ ಮರದ ಗುಡಿಸಲುಗಳು, ಒಂದೇ ದಿನಕ್ಕೆ ಸುಮಾರು 16,000 ಜನ ಮನೆ ಕಳೆದುಕೊಂಡರು. ಆಮೇಲೆ ಸರ್ಕಾರ ಫ್ಲ್ಯಾಟ್ ಕಟ್ಟುವ ಕೆಲಸ ಜೋರು ಮಾಡಿತು. ನಾವೀಗ ಬಾಡಿಗೆಗೆ ಇರೋದೂ ಅಂಥದ್ದೇ ಸರ್ಕಾರಿ ಫ್ಲ್ಯಾಟ್‌ನಲ್ಲಿ.

ಡಿಸೆಂಬರ್‌ನಲ್ಲಿ ಬಂದಾಗ ಕರೆದುಕೊಂಡು ಹೋಗುತ್ತೇನೆ. ಟಿಕೆಟ್ ಇಲ್ಲ, ಸೋಮವಾರ ಮಾತ್ರ ರಜೆ. ಅತ್ತೆ, ನೀವು ಸ್ವಲ್ಪ ಹೇಳಿಡಿ, ಸೈರನ್ ಆದಾಗ ವಿಡಿಯೋ ಮಾಡುತ್ತೇನೆ ಅಂತ ಮಾವ ಗೇಟಿನ ಮುಂದೆ ಹೋಗಿ ನಿಂತುಬಿಡಬಾರದು.